ಸರಿನೋಡಿದವರ ಸಹಿ

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಆರು ಹತ್ತಕ್ಕೆ ನಡುಮನೆಯ ಗೋಡೆ ಒಡೆದು ನೀರು ಚಿಮ್ಮಿತು. ನನ್ನದು ಅರ್ಧ ಗಡ್ಡ ಆಗಿತ್ತು, ಇನ್ನರ್ಧ ಸೋಪಿನಲ್ಲಿತ್ತು. ಮೊದಲು ಗೋಡೆ ಉಬ್ಬಿತಂತೆ, ಆಮೇಲೆ ಎರಡು ಅಂಗೈಯಗಲ ಗಾರೆ ಕಳಚಿ ಬಿತ್ತಂತೆ. ಇದು ಹೆಂಡತಿಯ ವರದಿ. ನಾನು ಬಂದು ನೋಡುವಷ್ಟರಲ್ಲಿ ನೀರು ಎದುರಿನ ಕುರ್ಚಿಯನ್ನು ಮುಟ್ಟುತ್ತಿತ್ತು. ಅಂದರೆ ಎರಡು ಮೀಟರ್ ಇಪ್ಪತ್ತು.

ಈ ಮನೆಯಲ್ಲಿ ಮುಖ್ಯ ವಾಲ್ವು ಎಲ್ಲಿದೆ ಎಂದು ಗೊತ್ತಿರುವುದು ನನಗೊಬ್ಬನಿಗೆ. ಹಿಂಬಾಗಿಲಿನಿಂದ ಹದಿನೇಳು ಹೆಜ್ಜೆ, ಆಮೇಲೆ ಒಂಬತ್ತು ಸುತ್ತು. ಒಂದು ನಿಮಿಷದೊಳಗೆ ನೀರು ನಿಲ್ಲಿಸಿದೆ. ಅಳಿಯ ಮಹಾಶಯರು ಅಷ್ಟು ಹೊತ್ತು ಏನು ಮಾಡುತ್ತಿದ್ದರು? ಎರಡೂ ಅಂಗೈಯಿಂದ ಗೋಡೆಯ ತೂತು ಒತ್ತಿ ಹಿಡಿದು, ತಲೆಯಿಂದ ಕಾಲಿನವರೆಗೆ ತೊಯ್ದು, "ಮಾವ, ಇದು ನಿಲ್ತಾನೇ ಇಲ್ಲ" ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವರು. ಪ್ರವಾಹಗಳ ಇಸವಿ ಕೇಳಿದರೆ ಥಟ್ಟನೆ ಹೇಳುತ್ತಾರೆ, ನಿಲ್ಲಿಸುವುದು ಮಾತ್ರ ಪಾಠದಲ್ಲಿಲ್ಲ.

ಕಾರಣ ಹುಡುಕಲು ನನಗೆ ಐದು ನಿಮಿಷ ಸಾಕಾಯಿತು. ಆ ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಒಂದು ನನ್ನದು. ಮೂರು ತಿಂಗಳ ಹಿಂದೆ ನಿವೃತ್ತನಾದಾಗ ಕಾರ್ಖಾನೆಯವರು ನನ್ನ ಹಳೆಯ ಸ್ಟೀಲ್ ಸ್ಕೇಲಿಗೇ ಕಟ್ಟು ಹಾಕಿಸಿ, "ತಪ್ಪದ ಅಳತೆಗೆ" ಎಂದು ಬರೆಸಿ ಕೊಟ್ಟರಲ್ಲ, ಅದನ್ನು ತೂಗುಹಾಕಲು ಹೊಡೆದದ್ದು. ಇನ್ನೊಂದು ಅಳಿಯಂದಿರದು, ಒಂದು ಗೇಣು ಬಲಕ್ಕೆ, ಹದಿನೈದು ದಿನದ ಹಿಂದೆ ಬೀಗದ ಕೈಗಳ ಹಲಗೆಗಾಗಿ ಹೊಡೆದದ್ದು. ಈ ಮನೆ ಕಟ್ಟಿಸುವಾಗ ಬಚ್ಚಲಿನಿಂದ ಅಡುಗೆಮನೆಗೆ ಹೋಗುವ ಪೈಪನ್ನು ನೆಲದಿಂದ ೧೫೦೦ ಮಿಲಿಮೀಟರ್ ಎತ್ತರದಲ್ಲಿ ಗೋಡೆಯೊಳಗೆ ಕೂರಿಸಿದ್ದು ನನ್ನ ಕಣ್ಣೆದುರಿಗೆ. ಅದಕ್ಕೇ ನನ್ನ ಮೊಳೆ ೧೪೬೦ಕ್ಕೆ ಹೊಡೆದೆ, ಪೈಪಿಗಿಂತ ನಲವತ್ತು ಕೆಳಗೆ. ನಿಮ್ಮದು ಎಷ್ಟಕ್ಕೆ ಎಂದು ಅಳಿಯಂದಿರನ್ನು ಕೇಳಿದೆ.

"ಅಂದಾಜಿಗೆ ಹೊಡೆದೆ ಮಾವ."

ಅಳೆದು ನೋಡಿದೆ. ೧೫೦೫! ಇನ್ನೇನು ಬೇಕು? ಮೂವತ್ನಾಲ್ಕು ವರ್ಷ ಬಾಗಿಲು ಕಿಟಕಿ ಕಾರ್ಖಾನೆಗೆ ಅಳತೆ ತೆಗೆದವನು ನಾನು. ಅಲ್ಲಿ ನನ್ನ ಹೆಸರೇ ಮಿಲಿಮೀಟರ್. ಅಳತೆ ಚೀಟಿಯ ಕೆಳಗೆ ಎರಡು ಗೆರೆ ಇರುತ್ತಿತ್ತು: ಅಳೆದವರು, ಸರಿನೋಡಿದವರು. ಅಳೆದವನೊಬ್ಬ, ಅದೇ ಜಾಗದಲ್ಲಿ ನಿಂತು ಮತ್ತೆ ಅಳೆದು ಸರಿನೋಡುವವನೊಬ್ಬ, ಇದು ಕಾರ್ಖಾನೆಯ ನಿಯಮ. ನನ್ನ ಚೀಟಿಗಳಲ್ಲಿ ಎರಡೂ ಕಡೆ ನನ್ನದೇ ಸಹಿ. ಮೇಲಿನವರೂ ತಕರಾರು ಮಾಡಲಿಲ್ಲ, ನನ್ನನ್ನು ಸರಿನೋಡುವವರು ಯಾರು?

ಸ್ಕೇಲಿನ ಕಟ್ಟು ಕೆಳಗೆ ಬಿದ್ದಿದೆ. ಗಾಜು ಒಡೆದಿಲ್ಲ. ಗೋಡೆಯ ತೇವ: ಅಗಲ ೯೧೦, ಎತ್ತರ ೧೨೪೦.

ಮಾರ್ಚ್ ೪, ಮಂಗಳವಾರ

ಪ್ಲಂಬರ್ ಗುರುವಾರ ಬರುತ್ತಾನಂತೆ. ಅಲ್ಲಿಯವರೆಗೆ ಬೀದಿ ಕೊನೆಯ ನಲ್ಲಿಯೇ ಗತಿ. ಅಳಿಯಂದಿರು ಶಾಲೆಗೆ ಹೋಗುವ ಮುಂಚೆ ಇಪ್ಪತ್ತೆರಡು ಕೊಡ ಹೊತ್ತು ತಂದರು. ತಪ್ಪು ಮಾಡಿದವರು ಹೊರಬೇಕಾದ್ದೇ. ಪಕ್ಕದ ಮನೆಯವರು ಏನಾಯಿತೆಂದು ಕೇಳಿದರು, ಅಳಿಯನ ಮೊಳೆ ಎಂದೆ. ಎದುರು ಮನೆಯವರಿಗೂ ಹೇಳಿದೆ. ಕಾರ್ಖಾನೆಯ ಹಳೆಯ ಗೆಳೆಯನ ಫೋನು ಬಂದಾಗ ಅವನಿಗೂ ಹೇಳಿದೆ, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಸಂಜೆ ಮಗಳ ಫೋನು. ಕೆಲಸದ ತರಬೇತಿಗೆಂದು ಬೇರೆ ಊರಿಗೆ ಹೋಗಿ ನಾಲ್ಕು ವಾರವಾಯಿತು, ೨೨ಕ್ಕೆ ಬರುತ್ತಾಳೆ. ಗೋಡೆಯ ಕತೆ ಅವಳಿಗೆ ಆಗಲೇ ಮುಟ್ಟಿತ್ತು.

"ಅಪ್ಪಾ, ಬೀದಿಗೆಲ್ಲ ಹೇಳ್ಕೊಂಡು ಬಂದ್ಯಂತೆ?"

"ಕೇಳಿದ್ರು, ಹೇಳಿದೆ."

"ಒಂದು ಮೊಳೆಗೆ ಇಷ್ಟು. ಎರಡು ವರ್ಷದಿಂದ ನೋಡ್ತಾ ಇದೀನಿ. ಅವರು ಬಲ್ಬ್ ಹಾಕಿದ್ರೂ ನೀನು ಬಿಚ್ಚಿ ಮತ್ತೆ ಹಾಕ್ತೀಯ. ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಮನೆ ನೋಡಿದೀವಿ. ೨೩ನೇ ತಾರೀಕು ಉತ್ತರ ಹೇಳ್ಬೇಕು. ನಾನಂತೂ ಹೋಗೋಣ ಅಂತೀನಿ."

ಹೋಗಲಿ. ಗಂಡಹೆಂಡಿರು ಬೇರೆ ಮನೆ ಮಾಡುವುದು ಲೋಕದಲ್ಲಿ ಹೊಸದಲ್ಲ. ನನಗೇನು? ಬಸ್ ನಿಲ್ದಾಣದ ಹಿಂಭಾಗ ಇಲ್ಲಿಂದ ಮೂರು ಕಿಲೋಮೀಟರ್ ಆರುನೂರು ಮೀಟರ್. ಸಂಜೆ ನಡೆದು ಹೋಗಿ ಬಂದೆ, ಕಾಲಿಗೆ ಒಳ್ಳೆಯದೆಂದು.

ಮಾರ್ಚ್ ೬, ಗುರುವಾರ

ಪ್ಲಂಬರ್ ಬಂದ. ದಪ್ಪ ಮನುಷ್ಯ, ಮಾತು ಸಣ್ಣ. ಹೆಂಡತಿ ಅಂಗಡಿಗೆ ಹೋಗಿದ್ದಳು, ಅಳಿಯಂದಿರು ಶಾಲೆಯಲ್ಲಿ. ಉಳಿಯಿಂದ ಗೋಡೆ ಒಡೆದು, ಸೀಳಿದ್ದ ಕಡೆ ಒಂದು ಗೇಣು ಪೈಪು ಕತ್ತರಿಸಿ ತೆಗೆದು, ಬೆಳಕಿಗೆ ಹಿಡಿದು ನೋಡಿದ. ನೋಡುತ್ತಲೇ ನಿಂತ.

"ಏನಪ್ಪಾ?"

"ನೋಡಿ ಸರ್, ಹೇಗೆ ಹೊಡೆದಿದಾರೆ. ನಟ್ಟನಡುವೆ! ಗುರಿ ಇಟ್ಟು ಹೊಡೆದ್ರೂ ಹೀಗೆ ಬೀಳಲ್ಲ. ಈ ಮೊಳೆಯೇ ಇಷ್ಟು ದಿನ ಬಿರಡೆ ಹಾಗೆ ತೂತು ಮುಚ್ಕೊಂಡಿತ್ತು. ತುಕ್ಕು ಹಿಡೀತು, ಸಡಿಲ ಆಯ್ತು, ಪೈಪು ಸೀಳ್ತು. ಇದು ಎರಡು ಮೂರು ತಿಂಗಳ ಮೊಳೆ. ಯಾರು ಸರ್ ಹೊಡೆದಿದ್ದು?"

ಪೈಪಿನ ತುಂಡನ್ನು ಕೈಗೆ ತೆಗೆದುಕೊಂಡೆ. ಚಪ್ಪಟೆ ತಲೆಯ ಎರಡಂಗುಲದ ಮೊಳೆ. ಕಾರ್ಖಾನೆಯಿಂದ ತಂದ ಡಬ್ಬಿಯಲ್ಲಿ ಇಂಥವು ಇನ್ನೂ ನೂರಿವೆ. ಅಳಿಯಂದಿರು ಹೊಡೆದದ್ದು ಕೊಕ್ಕೆ ಮೊಳೆ.

"ಮನೇಲಿ ನಾಲ್ಕು ಜನ ಇದೀವಪ್ಪ" ಎಂದೆ. ಇದು ಸುಳ್ಳಲ್ಲ. ನಾಲ್ಕು ಜನ ಇದ್ದೇವೆ.

ಅವನು ಹೊಸ ತುಂಡು ಜೋಡಿಸಿ, ನೀರು ಬಿಟ್ಟು, ಒಂದು ಹನಿಯೂ ಸೋರದ್ದನ್ನು ತೋರಿಸಿ ಹೋದ. ಹೋದಮೇಲೆ ಟೇಪು ಹಿಡಿದು ಪೈಪಿನ ಎತ್ತರ ಅಳೆದೆ. ೧೪೬೦. ಮತ್ತೆ ಅಳೆದೆ. ಟೇಪು ಬದಲಿಸಿ ಅಳೆದೆ. ೧೪೬೦. ಇದು ೧೫೦೦ಕ್ಕೆ ಇದ್ದ ಪೈಪು.

ತುಂಡನ್ನು ಹತ್ಯಾರದ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ. ಹೆಂಡತಿ ಬಂದು "ಏನಂತೆ ರೀ?" ಎಂದಳು. "ಮೊಳೆಯಂತೆ" ಎಂದೆ. "ಅದು ಗೊತ್ತಿದ್ದೇ" ಎಂದು ಒಳಗೆ ಹೋದಳು.

ಮಾರ್ಚ್ ೭, ಶುಕ್ರವಾರ

ಪೈಪು ಕೆಳಗಿಳಿದಿದೆ. ಬೇರೆ ಕಾರಣವಿಲ್ಲ. ಮನೆ ಹಳತಾದಂತೆ ಕೆಲವು ವಸ್ತು ಇಳಿಯುತ್ತವೆ.

ಮಾರ್ಚ್ ೯, ಭಾನುವಾರ

ಗೋಡೆಯ ಗುಂಡಿ ಮುಚ್ಚಲು ಗಾರೆಯವನನ್ನು ಕರೆಸೋಣವೆಂದೆ. ಅಳಿಯಂದಿರು ಬೇಡವೆಂದರು. "ತೂತು ನನ್ನಿಂದ ಆಗಿದ್ದು ಮಾವ, ಮುಚ್ಚೋದೂ ನಾನೇ. ನೀವು ಹೇಳಿಕೊಡಿ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ನೋಡಿಕೊಳ್ಳಲಿಲ್ಲ, ಆದರೆ ಹೆಗಲಲ್ಲಿ ಏನೋ ತುರಿಸಿದಂತಾಯಿತು.

ಸಿಮೆಂಟು, ಮರಳು ತಂದುಕೊಟ್ಟೆ. ಗಾರೆ ಕಲೆಸಿದರು, ಗಂಜಿಯಾಯಿತು. ಮರಳು ಸುರಿದರು, ಉಂಡೆಯಾಯಿತು. ಗೋಡೆಗೆ ಬಳಿದರು. ಹತ್ತು ಎಣಿಸುವುದರೊಳಗೆ ಪೂರ್ತಿ ಕೆಳಗೆ ಬಿತ್ತು.

"ಗೋಡೆಯೇ ಯಾಕೋ ಸರಿಯಿಲ್ಲ ಅನ್ಸುತ್ತೆ ಮಾವ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಹೆಂಡತಿ ಅಡುಗೆಮನೆಯಿಂದ ಕೆಮ್ಮಿದಳು. ಅಳಿಯಂದಿರು ಮುಖದ ತುಂಬ ಸಿಮೆಂಟು ಮಾಡಿಕೊಂಡು ನಕ್ಕರು. ಕೋಪ ಬರುವ ಜಾಗದಲ್ಲಿ ನಗುವ ಈ ಮನುಷ್ಯನನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ.

ತೇವ: ೬೨೦, ೭೦೦.

ಮಾರ್ಚ್ ೧೨, ಬುಧವಾರ

ಮೂರು ದಿನದಿಂದ ಅಳಿಯ ಶಾಲೆಯಿಂದ ಬಂದವನೇ ಹಿತ್ತಲಿನ ಕಾಂಪೌಂಡಿನ ಮೇಲೆ ಗಾರೆ ಬಳಿದು ಅಭ್ಯಾಸ ಮಾಡುತ್ತಿದ್ದಾನೆ. ಬಳಿಯುವುದು, ಕೆರೆಯುವುದು, ಮತ್ತೆ ಬಳಿಯುವುದು. ನಾನು ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಮಣಿಕಟ್ಟು ಬಿಗಿ ಹಿಡಿಯುತ್ತಾನೆ, ಅದೇ ತಪ್ಪು. ಕೊನೆಗೆ ತಡೆಯಲಾರದೆ ಎದ್ದು ಹೋಗಿ ಕೈ ಹಿಡಿದು ತೋರಿಸಿದೆ. "ಗೋಡೆ ಮೊದಲು ಒದ್ದೆ ಮಾಡು. ಕರಣೆ ಕೆಳಗಿಂದ ಮೇಲಕ್ಕೆ. ಒತ್ತು, ಆದರೆ ಜಗಳ ಆಡಬೇಡ." ಐದನೆಯ ಸಲಕ್ಕೆ ನಿಂತಿತು.

ಕೆಲಸ ಕಲಿಯುವವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಮೂರನೆಯ ಸಲಕ್ಕೆ ಕೈ ಚೆಲ್ಲುವವರೇ ಹೆಚ್ಚು. ಒಳಗೆ ಹೋಗಿ ಇದನ್ನು ಹೆಂಡತಿಗೆ ಹೇಳಿದೆ. "ಹೌದಾ?" ಎಂದಳು. ಹೆಂಗಸಿಗೆ ಯಾವ ಮಾತಿಗೂ ಬೆಲೆಯಿಲ್ಲ.

ಮಾರ್ಚ್ ೧೫, ಶನಿವಾರ

ನಾಳೆ ಗೋಡೆ ಮುಚ್ಚುವುದೆಂದು ತೀರ್ಮಾನವಾಯಿತು. ಊಟಕ್ಕೆ ಕೂತಾಗ ಅವನು ಹೇಳಿದ, "ಮುಚ್ಚೋ ಮುಂಚೆ ಪೈಪಿನ ಎತ್ತರ ಎಲ್ಲಾದ್ರೂ ಬರೆದಿಡೋಣ ಮಾವ. ಮುಂದೆ ಯಾರಿಗಾದ್ರೂ ಬೇಕಾಗತ್ತೆ."

"ನನಗೆ ಗೊತ್ತಿದೆ, ಬೇಡ" ಎಂದೆ. ದನಿ ಸ್ವಲ್ಪ ಜೋರಾಯಿತು.

"ಸರಿ ಮಾವ" ಎಂದ. ತಟ್ಟೆ ನೋಡಿಕೊಂಡು ಉಂಡ.

ಮಾರ್ಚ್ ೧೬, ಭಾನುವಾರ

ಗೋಡೆ ಮುಚ್ಚಿದ. ಮಟ್ಟಪಲಗೆ ಹಿಡಿದು ನೋಡಿದೆ, ಒಂದು ಮೂಲೆಯಲ್ಲಿ ಎರಡು ಮಿಲಿಮೀಟರ್ ತಗ್ಗು, ಉಳಿದದ್ದೆಲ್ಲ ಸಮ. ಹೊಸಬನ ಕೈಗೆ ಎರಡು ಮಿಲಿಮೀಟರ್ ಏನೇನೂ ಅಲ್ಲ. ನಾನು ಕಲಿಸಿದ್ದು ಎಂಬುದು ಬೇರೆ ಮಾತು, ಆದರೆ ಕಲಿಯುವ ಕೈಯೂ ಬೇಕಲ್ಲ.

ಇಷ್ಟಕ್ಕೇ ದಿನ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಕಾರ್ಖಾನೆಯ ಇಬ್ಬರು ಗೆಳೆಯರು ಬಂದರು. ಅವನು ಇನ್ನೂ ಅಂಚು ನಯ ಮಾಡುತ್ತಿದ್ದ. ಒಬ್ಬ ಬಾಗಿಲಲ್ಲೇ ನಿಂತು, "ಇವರೇನಾ ಅಂದಾಜು ಮೇಷ್ಟ್ರು?" ಎಂದ. ಇನ್ನೊಬ್ಬ, "ಮಿಲಿಮೀಟರ್ ಮನೆಗೆ ಅಂದಾಜು ಅಳಿಯ! ಎಲ್ಲಿಂದ ಹುಡುಕಿದ್ಯಯ್ಯ?" ಎಂದ. ಇಬ್ಬರೂ ನಕ್ಕರು. ಆ ಹೆಸರು ಇಟ್ಟವನು ನಾನೇ, ಹನ್ನೆರಡು ದಿನದ ಹಿಂದೆ ಫೋನಿನಲ್ಲಿ.

ಅವನು ಕರಣೆ ಕೆಳಗಿಟ್ಟು, ಸಿಮೆಂಟಿನ ಕೈ ಜೋಡಿಸಿ, "ಬನ್ನಿ, ಕೂತ್ಕೊಳ್ಳಿ, ಟೀ ಮಾಡ್ತೀನಿ. ಸಕ್ಕರೆ ಮಾತ್ರ ಅಂದಾಜಿಗೆ ಹಾಕ್ತೀನಿ" ಎಂದ. ಅವರು ಮತ್ತೂ ನಕ್ಕರು. ನನಗೆ ನಗು ಬರಲಿಲ್ಲ. ಹತ್ಯಾರದ ಪೆಟ್ಟಿಗೆ ನನ್ನ ಕಾಲ ಹತ್ತಿರವೇ ಇತ್ತು. ಈಗ ಹೇಳಿಬಿಡಲೇ ಎನಿಸಿತು. ಬಾಯಿ ತೆರೆದೆ, "ಗೋಡೆ ನೋಡ್ರಯ್ಯ, ಹೇಗೆ ಮಾಡಿದಾನೆ" ಎಂದಷ್ಟೇ ಬಂತು. ನಾಚಿಕೆಯಾಗಿದೆ. ಬರೆಯದಿದ್ದರೂ ಆಗಿದೆ, ಬರೆದರೂ ಆಗಿದೆ.

ಮಾರ್ಚ್ ೧೭, ಸೋಮವಾರ

ಪೈಪು ಇಳಿಯುವುದಿಲ್ಲ. ನನಗೆ ಗೊತ್ತು. ಗೋಡೆಯೊಳಗೆ ಗಾರೆಯಲ್ಲಿ ಕೂತ ಪೈಪು ಎಲ್ಲಿಗೆ ಇಳಿದೀತು? ಹಾಗಾದರೆ ನಲವತ್ತು ಮಿಲಿಮೀಟರ್ ಎಲ್ಲಿ ಹೋಯಿತು?

ಹಳೆಯ ದಿನಚರಿಗಳನ್ನು ಕೆಳಗಿಳಿಸಿ ಕೂತೆ. ಮಧ್ಯಾಹ್ನಕ್ಕೆ ಸಿಕ್ಕಿತು. ಒಂಬತ್ತು ವರ್ಷದ ಹಿಂದಿನದು, ನನ್ನದೇ ಅಕ್ಷರ:

"ಹಳೆಯ ನೆಲದ ಮೇಲೇ ಹೊಸ ಟೈಲ್ಸ್ ಹಾಕಿಸಿದ್ದು ಮುಗಿಯಿತು. ಗಾರೆ, ಟೈಲ್ಸ್ ಸೇರಿ ನೆಲ ಸರಿಯಾಗಿ ೪೦ ಮಿಲಿಮೀಟರ್ ಏರಿತು. ಆರು ಬಾಗಿಲುಗಳ ಕೆಳಗೆ ೪೦ ಮಿಲಿಮೀಟರ್ ನಾನೇ ಕೊಯ್ದೆ. ಒಂದೂ ತಪ್ಪಿಲ್ಲ. ಎಲ್ಲರೂ ಮೆಚ್ಚಿದರು."

ಪೈಪು ಹಳೆಯ ನೆಲದಿಂದ ೧೫೦೦. ನಾನು ಅಳೆದದ್ದು ಹೊಸ ನೆಲದಿಂದ. ಪೈಪು ಇದ್ದಲ್ಲೇ ಇತ್ತು, ನಾನು ಮೇಲೆ ಬಂದು ನಿಂತಿದ್ದೆ. ಅಳೆಯದೆ ಹೊಡೆದವನ ಮೊಳೆ ಪಾರಾಯಿತು, ಅಳೆದು ಹೊಡೆದವನ ಮೊಳೆ ನಟ್ಟನಡುವೆ ಹೊಕ್ಕಿತು. ಆರು ಬಾಗಿಲು ಕೊಯ್ದು ಅವುಗಳಲ್ಲೇ ಒಂಬತ್ತು ವರ್ಷ ಓಡಾಡಿದೆ, ನೆನಪಾಗಲಿಲ್ಲ. ಸರಿನೋಡುವವನೊಬ್ಬ ಪಕ್ಕದಲ್ಲಿ ನಿಂತಿದ್ದರೆ, "ಯಾವ ನೆಲದಿಂದ ಮಾವ?" ಎಂದು ಒಂದು ಮಾತು ಕೇಳುತ್ತಿದ್ದ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಒಂದು ಮಾತಂತೂ ನಿಜ, ಪೈಪಿನ ನಡುವಿನಿಂದ ಅರ್ಧ ಮಿಲಿಮೀಟರೂ ಆಚೀಚೆ ಹೋಗಿಲ್ಲ ನನ್ನ ಮೊಳೆ.

ಮಾರ್ಚ್ ೧೯, ಬುಧವಾರ

ಹೇಳಲಿಲ್ಲ.

ಮಾರ್ಚ್ ೨೦, ಗುರುವಾರ

ಇಂದೂ ಹೇಳಲಿಲ್ಲ. ಅವನು ಬಣ್ಣದ ಡಬ್ಬಿ ತಂದ. ಹಳೆಯ ಬಣ್ಣಕ್ಕೆ ಹೊಂದುತ್ತದೆಯೇ ಎಂದು ನನ್ನನ್ನು ಮೂರು ಸಲ ಕೇಳಿದ. ಬಿಟ್ಟು ಹೋಗುವವರು ಈ ಮನೆಯ ಗೋಡೆಗೆ ಇಷ್ಟು ಯೋಚಿಸುತ್ತಾರೆಯೇ? ಅವನು ಹೋದರೆ ಸಂಜೆ ಹಿತ್ತಲಲ್ಲಿ ನಾನು ಯಾರ ಮಣಿಕಟ್ಟು ತಿದ್ದಲಿ? ಇದನ್ನು ಮಗಳಿಗೆ ಹೇಳುವಂತಿಲ್ಲ. ಬಾಡಿಗೆ ಮನೆಯ ದಾರಿ ಇವತ್ತೂ ಹೋಗಿ ಬಂದೆ. ಅಷ್ಟೇ ದೂರ ಇದೆ.

ಮಾರ್ಚ್ ೨೨, ಶನಿವಾರ

ಮಗಳು ಹನ್ನೊಂದಕ್ಕೆ ಬಂದಳು. ಚೀಲ ಇಳಿಸಿ ಮೊದಲು ಗೋಡೆ ನೋಡಿದಳು. ಕೈಯಾಡಿಸಿದಳು. "ಯಾರನ್ನ ಕರೆಸಿದ್ರಿ? ಎಷ್ಟು ಚೆನ್ನಾಗಿದೆ!"

"ನಿನ್ನ ಗಂಡನ ಕೆಲಸ" ಎಂದೆ. ಹೇಳುವಾಗ ನನ್ನ ಎದೆ ಉಬ್ಬಿದ್ದು ನನಗೇ ಗೊತ್ತಾಯಿತು.

"ಮಾಡ್ದೇ ಇನ್ನೇನು" ಎಂದಳು ಹೆಂಡತಿ. "ಮೊಳೆ ಹೊಡೆದವರೇ ಮುಚ್ಚಬೇಕು."

ಮಗಳ ಮುಖ ಬಿಗಿದುಕೊಂಡಿತು. "ಅಮ್ಮ, ನೀನೂ ಶುರು ಮಾಡ್ಬೇಡ. ನಾಳೆ ಆ ಮನೆಯವರಿಗೆ ಹೂಂ ಅಂತ ಹೇಳಿಬಿಡ್ತೀವಿ. ಅಲ್ಲಿ ಗೋಡೆ ತುಂಬ ಮೊಳೆ ಹೊಡ್ಕೊಳ್ಳಲಿ ಇವರು."

ನಾನು ಎದ್ದೆ. ಹತ್ಯಾರದ ಪೆಟ್ಟಿಗೆಯನ್ನು ತಂದು ಊಟದ ಮೇಜಿನ ಮೇಲಿಟ್ಟೆ. ತಳದಿಂದ ಪೈಪಿನ ತುಂಡು ತೆಗೆದು ನಡುವೆ ಇಟ್ಟೆ. ಮೊಳೆ ಅದರಲ್ಲಿ ಹಾಗೇ ಕೂತಿತ್ತು.

"ಇದು ನನ್ನ ಮೊಳೆ. ಇವನದ್ದು ಪೈಪಿನ ಹತ್ತಿರಕ್ಕೂ ಹೋಗಿಲ್ಲ. ಪ್ಲಂಬರ್ ಬಂದ ದಿನವೇ ನನಗೆ ಗೊತ್ತಾಯ್ತು. ಹದಿನಾರು ದಿನ ಬಚ್ಚಿಟ್ಟೆ."

ಕಾರಣವನ್ನೂ ಹೇಳಿದೆ: ಟೈಲ್ಸ್ ಹಾಕಿಸಿದ್ದು, ನೆಲ ನಲವತ್ತು ಏರಿದ್ದು, ನಾನು ಹೊಸ ನೆಲದಿಂದ ಅಳೆದದ್ದು. "ಅಳತೆ ಸರಿಯಾಗೇ ಇತ್ತು, ನೆಲ ಮೇಲೆ ಬಂದಿತ್ತು" ಎಂದೆ.

ಹೆಂಡತಿ ಸೊಂಟಕ್ಕೆ ಕೈ ಕೊಟ್ಟಳು. "ಅದೇನೋ ಗಾದೆ ಹೇಳಿದ್ರಲ್ಲ ಅವತ್ತು, ಕುಣಿಯಲಾರದವಳು?"

"ನೆಲ ಡೊಂಕಲ್ಲ ಕಣೇ, ಎತ್ತರ!"

ಮಗಳಿಗೆ ನಗು ತಡೆಯಲಾಗಲಿಲ್ಲ. ಅವನು ಮಾತ್ರ ನಗಲಿಲ್ಲ. ಜೇಬಿನಿಂದ ಪರ್ಸು ತೆಗೆದು, ಅದರೊಳಗಿಂದ ಒಂದು ಕೊಕ್ಕೆ ಮೊಳೆ ತೆಗೆದು ಪೈಪಿನ ಪಕ್ಕದಲ್ಲಿಟ್ಟ. ಫಳಫಳ ಹೊಳೆಯುತ್ತಿತ್ತು, ತುಕ್ಕಿನ ಚುಕ್ಕೆಯಿಲ್ಲ.

"ಮೊದಲ ದಿನ ಸಂಜೆಯೇ ಕಿತ್ತಿಟ್ಕೊಂಡಿದ್ದೆ ಮಾವ. ಪೈಪಿಗೆ ತಾಗಿದ ಗುರುತೇ ಇರಲಿಲ್ಲ. ಆಮೇಲೆ ನೆಲ ಒರೆಸುವಾಗ ಬಾಗಿಲುಗಳ ಕೆಳಗೆ ಕೊಯ್ದ ಗುರುತು ನೋಡಿದೆ. ನೆಲದ ಮೇಲೆ ನೆಲ ಬಂದಿದೆ ಅಂತ ಗೊತ್ತಾಯ್ತು. ನಾನು ಮಕ್ಕಳಿಗೆ ಹೇಳಿಕೊಡೋದೇ ಅದು, ಹಳೇ ಊರಿನ ಮೇಲೆ ಹೊಸ ಊರು."

"ಮೊದಲ ದಿನದಿಂದ ಗೊತ್ತಿತ್ತಾ? ಮತ್ತೆ ಯಾಕಯ್ಯ ಹೇಳಲಿಲ್ಲ? ಕೊಡ ಹೊತ್ತೆ, ಬೈಸಿಕೊಂಡೆ, ಅವರ ಮುಂದೆ ನಗೆಪಾಟಲಾದೆ!"

ಅವನು ತನ್ನ ಮೊಳೆಯನ್ನು ಮತ್ತೆ ಕೈಗೆ ತೆಗೆದುಕೊಂಡ. "ನನ್ನದಾದ್ರೆ ಅದು ಒಂದು ಮೊಳೆ ಮಾವ. ನಿಮ್ಮದಾದ್ರೆ ಮೂವತ್ನಾಲ್ಕು ವರ್ಷ."

ನಾನು ನೀರು ಕುಡಿದು ಬರುತ್ತೇನೆಂದು ಹಿತ್ತಲಿಗೆ ಹೋದೆ. ಹಿತ್ತಲಲ್ಲಿ ಕುಡಿಯುವ ನೀರಿಲ್ಲ ಎಂದು ಯಾರೂ ಹೇಳಲಿಲ್ಲ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆ ಪಕ್ಕದ ಮನೆಗೆ ಹೋಗಿ ಹೇಳಿದೆ. ಎದುರು ಮನೆಗೆ ಹೋಗಿ ಹೇಳಿದೆ. ಕಾರ್ಖಾನೆಯ ಇಬ್ಬರಿಗೂ ಫೋನು ಮಾಡಿ ಹೇಳಿದೆ. ಒಬ್ಬ ನಂಬಲಿಲ್ಲ, ಅಳಿಯನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀಯ ಎಂದ. ನಂಬಿಸಲು ಹತ್ತು ನಿಮಿಷ ಹಿಡಿಯಿತು. ತಪ್ಪೊಪ್ಪಿಕೊಳ್ಳಲು ಇಷ್ಟು ವಾದ ಮಾಡಬೇಕಾಗುತ್ತದೆಂದು ತಿಳಿದಿರಲಿಲ್ಲ.

ಹತ್ತು ಗಂಟೆಗೆ ನಡುಮನೆಯ ಕಪಾಟಿನ ಬಾಗಿಲು ತೆರೆದು, ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದೆ:

"ನೀರಿನ ಪೈಪು. ಎತ್ತರ ೧೪೬೦. ಹೊಸ ನೆಲದಿಂದ."

ಕೆಳಗೆ ಎರಡು ಗೆರೆ ಎಳೆದೆ. ಅಳೆದವರು ಎಂಬಲ್ಲಿ ಸಹಿ ಮಾಡಿದೆ. ಎರಡನೆಯ ಗೆರೆಗೂ ಕೈ ಅಭ್ಯಾಸದಿಂದ ಹೋಯಿತು, ನಿಲ್ಲಿಸಿದೆ. ಮಗಳೂ ಅವನೂ ಬಾಡಿಗೆ ಮನೆಯವರಿಗೆ ಉತ್ತರ ಹೇಳಲು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅವನನ್ನು ಕರೆದೆ.

"ಗೋಡೆ ಮುಚ್ಚೋ ಮುಂಚೆ ನೀನು ಅಳೆದಿದ್ಯಾ?"

"ಬೇಡ ಅಂದಿದ್ರಿ ಮಾವ." ತಲೆ ಕೆರೆದುಕೊಂಡ. "ಆದ್ರೂ ಅಳೆದಿದ್ದೆ. ೧೪೬೦."

"ಹಾಗಾದ್ರೆ ಇಲ್ಲಿ ಸಹಿ ಮಾಡು."

ಪೆನ್ಸಿಲು ಹಿಡಿದು ಗೆರೆಯ ಮೇಲಿನ 'ಸರಿನೋಡಿದವರು' ಎಂಬ ಪದ ಓದಿದ. ಓದಿ ನನ್ನ ಮುಖ ನೋಡಿದ.

"ಒಂದು ವಿಷಯ" ಎಂದೆ. "ನಿಯಮ ಏನಂದ್ರೆ, ಸರಿನೋಡುವವನು ಜಾಗದಲ್ಲೇ ಇರಬೇಕು. ಮೂರು ಕಿಲೋಮೀಟರ್ ಆರುನೂರು ಮೀಟರ್ ಆಚೆ ಕೂತು ಸರಿನೋಡೋಕೆ ಆಗಲ್ಲ."

ಮಗಳು ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿ ನಿಂತಿದ್ದಳು. "ಅಪ್ಪಾ, ಅಷ್ಟು ಸರಿಯಾಗಿ ಹೇಗೆ ಗೊತ್ತು ನಿಂಗೆ?"

ಕಪಾಟಿನ ಬಾಗಿಲು ಅಲುಗದಂತೆ ಹಿಡಿದುಕೊಂಡೆ.

ಅವನು ಅವಳನ್ನು ನೋಡಿದ. ಅವಳು ನನ್ನನ್ನು ನೋಡಿ, ಹಾಕಿದ್ದ ಒಂದು ಚಪ್ಪಲಿಯನ್ನೂ ಕಳಚಿಟ್ಟಳು. ಅವನು ಗೆರೆಯ ಮೇಲೆ ಸಹಿ ಮಾಡಿದ. ಗೆರೆ ನೇರವಾಗಿತ್ತು, ಸಹಿ ಮೇಲಕ್ಕೇರಿ ಗೆರೆ ದಾಟಿತು. ತಿದ್ದಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ನನ್ನ ಅಳತೆಯ ಕೆಳಗೆ ಬಿದ್ದ ಮೊದಲ ಬೇರೆ ಸಹಿ ಅದು, ನಮ್ಮ ಹುಡುಗನದು.